ದಪ್ಪ ಅಲಗಿನ ಭಾರಿ ಮಡಚುವ ಚಾಕು: ತಗೊಳ್ಳಬಹುದಾ? ದಿನಾ ಜೇಬಲ್ಲಿ ಇಟ್ಟುಕೊಂಡು ಓಡಾಡುವಷ್ಟು ಕೆಲಸಕ್ಕೆ ಬರುತ್ತಾ?

ಮೂಡಿಗೆರೆ ಕಾಫಿ

ಎಲ್ಲರಿಗೂ ನಮಸ್ಕಾರ. ದಪ್ಪ ಅಲಗು, ಗಟ್ಟಿ ಲಾಕ್ ಇರೋ ದೊಡ್ಡ ಮಡಚುವ ಚಾಕು ಒಂದು ತಗೊಳ್ಳೋಣ ಅಂತಿದ್ದೀನಿ. ಕಣ್ಣಿಟ್ಟಿರೋದು ಕೋಲ್ಡ್ ಸ್ಟೀಲ್ ರೆಕಾನ್ 1 ಮತ್ತೆ ಬಕ್ 110 ಮೇಲೆ. ಎರಡೂ ಅಗ್ಗ ಅಲ್ಲ, ಅದಕ್ಕೇ ಕೇಳ್ತಿದ್ದೀನಿ.

ನನ್ನ ಕೆಲಸ ಹೀಗೆ: ತೋಟದಲ್ಲಿ ಡ್ರಿಪ್ ಪೈಪ್ ಕತ್ತರಿಸೋದು, ಗೊಬ್ಬರದ ಚೀಲ ಬಿಚ್ಚೋದು, ಮೆಣಸಿನ ಬಳ್ಳಿ ಕಟ್ಟೋ ಹಗ್ಗ, ದಾರಿಗೆ ಬಾಗಿದ ಸಣ್ಣ ಕೊಂಬೆ, ಮಧ್ಯಾಹ್ನ ಒಂದು ಕಿತ್ತಳೆ ಹಣ್ಣು. ಕತ್ತಿ ಮನೇಲಿ ಇದ್ದೇ ಇದೆ. ಆದರೆ ಅದನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಬ್ಯಾಂಕಿಗೂ ಸೊಸೈಟಿಗೂ ಹೋಗೋಕೆ ಆಗಲ್ಲ. ಒಂದೇ ಚಾಕು ಎಲ್ಲದಕ್ಕೂ ಆಗಬೇಕು, ಜೇಬಲ್ಲೂ ಹಿಡೀಬೇಕು. ಬಳಸಿದವರು ಹೇಳಿ. ಬರೀ ವಿಡಿಯೋ ನೋಡಿದವರ ಅಭಿಪ್ರಾಯ ನನಗೆ ಬೇಕಿಲ್ಲ.

ಪ್ಲೇಟಿನ ಕತ್ತಿ

ಬೇಡ ಮಾರಾಯ್ರೆ. ನಮ್ಮ ಸಾಗರದ ಕಡೆ ಕಮ್ಮಾರರ ಹತ್ರ ಲಾರಿಯ ಸ್ಪ್ರಿಂಗ್ ಪ್ಲೇಟು ಕೊಟ್ಟು ಮಾಡಿಸಿದ ಕತ್ತಿ ಅಪ್ಪನ ಕಾಲದಿಂದ ಇನ್ನೂ ಓಡ್ತಾ ಇದೆ. ಹಿಡಿ ಬದಲಾಯಿಸಿದ್ದು ಬಿಟ್ರೆ ಬೇರೆ ಖರ್ಚೇ ಇಲ್ಲ. ಸೊಂಟಕ್ಕೆ ಕೊಕ್ಕೆ ಕಟ್ಟಿಕೊಂಡರೆ ಕೈ ಹಾಕಿದ ಕೂಡಲೇ ಸಿಗುತ್ತೆ, ಬಿಚ್ಚೋದು ಮಡಚೋದು ಏನೂ ಇಲ್ಲ. ಮಡಚುವ ಚಾಕು ಎಷ್ಟೇ ಗಟ್ಟಿ ಅಂದ್ರೂ ಮಧ್ಯದಲ್ಲಿ ಒಂದು ಕೀಲು ಇದೆಯಲ್ಲ, ಅದೇ ಅದರ ದುರ್ಬಲ ಜಾಗ. ದುಡ್ಡು ಉಳಿಸಿ ಎರಡು ಒಳ್ಳೆ ಮೆಣಸಿನ ಏಣಿ ತಗೊಳ್ಳಿ.

ಮೂಡಿಗೆರೆ ಕಾಫಿ

@ಪ್ಲೇಟಿನ ಕತ್ತಿ, ಕತ್ತಿ ಬೇಡ ಅಂತ ನಾನು ಹೇಳಲೇ ಇಲ್ಲ. ಗೊಬ್ಬರದ ಚೀಲದ ದಾರ ಕೀಳೋಕೆ ಕತ್ತಿ ಎತ್ತಬೇಕಾ? ಅದನ್ನ ಕೇಳ್ತಿರೋದು.

ಅಲಗು ಮತ್ತು ಹಿಡಿ

ಇಲ್ಲಿ ಎರಡು ಪ್ರಶ್ನೆ ಒಟ್ಟಿಗೆ ಸೇರಿಕೊಂಡಿವೆ, ಬಿಡಿಸಿ ಹೇಳ್ತೀನಿ. ಲಾಕ್ ಎಷ್ಟು ಗಟ್ಟಿ ಅನ್ನೋದು ಒಂದು. ಅಲಗು ಎಷ್ಟು ಚೆನ್ನಾಗಿ ಕತ್ತರಿಸುತ್ತೆ ಅನ್ನೋದು ಇನ್ನೊಂದು. ಭಾರಿ ಚಾಕು ಮಾರೋರು ಮೊದಲನೆಯದನ್ನ ತೋರಿಸಿ ಎರಡನೆಯದನ್ನ ಮರೆಸ್ತಾರೆ.

ಮೊದಲು ಲಾಕ್. ಬಕ್ 110 ಬಂದಿದ್ದು 1964ರಲ್ಲಿ. ಹಿಡಿಯ ಬೆನ್ನ ಮೇಲೆ ಒತ್ತಿ ಬಿಡಿಸೋ ಲಾಕ್ ಅದರದ್ದು. ಬೇಟೆಗಾರರ ಸೊಂಟಕ್ಕೆ ಮಡಚುವ ಚಾಕುವನ್ನ ತಂದಿದ್ದು ಅದೇ ಅಂತ ಹೇಳಬಹುದು. ಲೈನರ್ ಲಾಕ್ ಅನ್ನೋದರಲ್ಲಿ ಹಿಡಿಯ ಒಳಗಿನ ತೆಳು ತಗಡು ಪಕ್ಕಕ್ಕೆ ಬಂದು ಅಲಗಿನ ಬುಡಕ್ಕೆ ಆತುಕೊಳ್ಳುತ್ತೆ. ಅಗ್ಗದ ಚಾಕುಗಳಲ್ಲಿ ಹೆಚ್ಚಾಗಿ ಇರೋದು ಇದೇ. ತಗಡು ಸವೆದರೆ ಅಥವಾ ಕಸ ಕೂತರೆ ಜಾರುತ್ತೆ. ಕೋಲ್ಡ್ ಸ್ಟೀಲ್‌ನ ಟ್ರೈ-ಆಡ್ ಲಾಕ್ ಮಾಡಿದ್ದು ಆಂಡ್ರ್ಯೂ ಡೆಮ್ಕೊ. ಅಲಗಿಗೂ ಲಾಕಿಗೂ ಮಧ್ಯೆ ಒಂದು ತಡೆ ಪಿನ್ ಇಟ್ಟು ಭಾರವನ್ನ ಅದರ ಮೇಲೆ ಹೊರಿಸಿದ್ದಾರೆ. ಗಟ್ಟಿತನದಲ್ಲಿ ಅದನ್ನ ಮೀರಿಸೋದು ಕಷ್ಟ, ಇದು ನಿಜ.

ಆದರೆ ಲಾಕ್ ಇರೋದು ಯಾತಕ್ಕೆ? ಅಲಗು ನಿಮ್ಮ ಬೆರಳ ಮೇಲೆ ಮಡಚಿಕೊಳ್ಳದಿರಲಿ ಅಂತ. ಮರ ಸೀಳೋಕೆ, ಡಬ್ಬ ಮೀಟೋಕೆ ಅಲ್ಲ. ಅಲಗಿನ ಬೆನ್ನ ಮೇಲೆ ದೊಣ್ಣೆಯಿಂದ ಹೊಡೆಯೋ ಕೆಲಸವನ್ನ ಮಡಚುವ ಚಾಕುವಿನಿಂದ ಮಾಡಿಸಿದರೆ ಲಾಕ್ ತಡೆದುಕೊಂಡರೂ ಕೀಲಿನ ಪಿನ್ ಸಡಿಲ ಆಗುತ್ತೆ. ಈ ಮಟ್ಟಿಗೆ @ಪ್ಲೇಟಿನ ಕತ್ತಿ ಹೇಳಿದ್ದು ಸರಿ.

ಈಗ ಎರಡನೆಯದು. ರೆಕಾನ್ 1ರ ಅಲಗು ಮೂರೂವರೆ ಮಿಲಿಮೀಟರ್ ದಪ್ಪ. ಒಪಿನೆಲ್ ನಂಬರ್ 8 ಅನ್ನೋ ಫ್ರೆಂಚ್ ಮಡಚುವ ಚಾಕುವಿನ ಅಲಗು ಎರಡು ಮಿಲಿಮೀಟರ್ ಕೂಡ ಇಲ್ಲ. ರಟ್ಟಿನ ಡಬ್ಬ, ಹಣ್ಣು, ಹಗ್ಗ ಕೊಯ್ಯೋವಾಗ ತೆಳು ಅಲಗು ಸಲೀಸಾಗಿ ಇಳಿಯುತ್ತೆ. ದಪ್ಪ ಅಲಗು ಅರ್ಧಕ್ಕೆ ಹೋಗಿ ಸಿಕ್ಕಿಕೊಳ್ಳುತ್ತೆ, ಆಗ ನೀವು ಜಾಸ್ತಿ ಬಲ ಹಾಕ್ತೀರಿ. ಕೈ ಕೊಯ್ದುಕೊಳ್ಳೋದು ಆ ಜಾಸ್ತಿ ಬಲ ಹಾಕಿದಾಗಲೇ. ತೂಕ ನೋಡಿ: ಒಪಿನೆಲ್ 50 ಗ್ರಾಮಿಗಿಂತ ಕಡಿಮೆ, ರೆಕಾನ್ 1 ಸುಮಾರು 150, ಬಕ್ 110 ಹತ್ತಿರ ಹತ್ತಿರ 200 ಗ್ರಾಮ್.

ನೀವು ಬರೆದಿರೋ ಐದು ಕೆಲಸದಲ್ಲಿ ನಾಲ್ಕಕ್ಕೆ ತೆಳು ಅಲಗೇ ಮೇಲು. ಐದನೆಯದು, ಕೊಂಬೆ, ಯಾವ ಜೇಬಿನ ಚಾಕುವಿನ ಕೆಲಸವೂ ಅಲ್ಲ.

ಕೃಷ್ಣಾ ತೀರ

ನಮ್ಮ ಬಾಗಲಕೋಟಿ ಕಡೆ ಕುರಿ ಕಾಯೋರ ಕಿಸೆದಾಗ ಮಡಚೂ ಚಾಕು ಇರ್ತದ ನೋಡ್ರಿ. ಲಾಕ್ ಇಲ್ಲ, ಪಾಕ್ ಇಲ್ಲ. ಉಳ್ಳಾಗಡ್ಡಿ, ಸೌತಿಕಾಯಿ, ಹಗ್ಗ, ಅಷ್ಟಕ್ಕ ಸಾಕ್ರಿ ಅದು. ದೊಡ್ಡ ಕೆಲಸಕ್ಕ ಕೊಡ್ಲಿ ಹೆಗಲ ಮ್ಯಾಲ ಇದ್ದ ಇರ್ತದ. ಕಬ್ಬು ಕಡಿಯೋದಿದ್ರ ಕೊಯ್ತಾ. ಒಂದೊಂದು ಕೆಲಸಕ್ಕ ಒಂದೊಂದು ಅಲಗು. ಎಲ್ಲಾ ಒಂದರಾಗ ಬೇಕಂದ್ರ ಯಾವುದೂ ನೆಟ್ಟಗ ಆಗೂದಿಲ್ರಿ.

ಬೋರ್‌ವೆಲ್ ಬೆಳಕು

ಇಲ್ಲಿ ಎಲ್ಲರೂ ಭಾರಿ ಚಾಕುವನ್ನ ಒಟ್ಟಾಗಿ ತಳ್ಳಿಹಾಕ್ತಿದ್ದೀರಿ. ನಾನು ಒಪ್ಪಲ್ಲ. ತುಮಕೂರು ಕಡೆ ಮೋಟಾರು ಇಳಿಸೋದು ಎತ್ತೋದು ನನ್ನ ಕೆಲಸ. ಸಬ್‌ಮರ್ಸಿಬಲ್ ಪಂಪಿನ ಚಪ್ಪಟೆ ಕೇಬಲ್ ಸಿಪ್ಪೆ ಸುಲಿಯೋದು, ಕರಿ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನ ಅಂಚು ಹೆರೆಯೋದು, ಮೋಟಾರಿಗೆ ಕಟ್ಟಿದ ನೈಲಾನ್ ಹಗ್ಗ ಕೆಸರಲ್ಲಿ ಬಿಗಿದುಕೊಂಡಿರೋದನ್ನ ಕತ್ತರಿಸೋದು. ಕೈಯೆಲ್ಲ ಗ್ರೀಸು, ಒಂದು ಕೈ ಪೈಪ್ ಹಿಡಿದಿರುತ್ತೆ. ಎರಡೂ ಕೈ ಬಳಸಿ ಉಗುರಿನಿಂದ ಎಳೆದು ತೆಗೆಯೋ ಚಾಕು ಅಲ್ಲಿ ನಡೆಯಲ್ಲ.

ಎಚ್‌ಡಿಪಿಇ ಹೆರೆಯೋವಾಗ ಅಲಗಿನ ಮೇಲೆ ಪಕ್ಕದ ಒತ್ತಡ ಬೀಳುತ್ತೆ, ಕೈ ತಿರುಚುತ್ತೆ. ತೆಳು ಚಾಕು ಆರು ತಿಂಗಳಲ್ಲಿ ಅಲ್ಲಾಡೋಕೆ ಶುರುವಾಗುತ್ತೆ. ದಪ್ಪ ಹಿಡಿ ಇದ್ದರೆ ಗ್ಲೌಸ್ ಹಾಕಿದ ಕೈಗೂ ಹಿಡಿತ ಸಿಗುತ್ತೆ, ಇದನ್ನ ಯಾರೂ ಹೇಳಲೇ ಇಲ್ಲ. ಭಾರಿ ಚಾಕುವಿನ ನಿಜವಾದ ಲಾಭ ಅಲಗಿಗಿಂತ ಹಿಡಿಯಲ್ಲಿದೆ. ಇಡೀ ದಿನ ಹಿಡಿದ ಮೇಲೆ ಅಂಗೈ ನೋವು ಬರಲ್ಲ. ನನ್ನ ಚಾಕು ದುಡ್ಡು ತೀರಿಸಿದೆ, ಧೈರ್ಯವಾಗಿ ಹೇಳ್ತೀನಿ.

ಅಲಗು ಮತ್ತು ಹಿಡಿ

ಇದು ಒಳ್ಳೆ ಮಾತು, ಒಪ್ಪಿದೆ. ಎಚ್‌ಡಿಪಿಇಗೆ, ಗ್ಲೌಸಿನ ಕೈಗೆ ಭಾರಿ ಚಾಕು ಬೇಕು. ಆದರೆ ಮೂಡಿಗೆರೆಯವರ ಡ್ರಿಪ್ ಲ್ಯಾಟರಲ್ 16 ಮಿಲಿಮೀಟರಿನ ಮೆತ್ತನೆ ಪೈಪು. ಅದಕ್ಕೆ ಇದ್ಯಾವುದೂ ಬೇಡ.

ಅಂಗಡಿ ಕಟರ್

ಚಾಕು ಯಾಕೆ? ಅಂಗಡೀಲಿ ಸಿಗೋ ಬ್ಲೇಡ್ ಮುರಿಯೋ ಕಟರ್ ತಗೊಳ್ಳಿ. 1956ರಲ್ಲಿ ಜಪಾನಿನ ಓಲ್ಫಾದವರು ಕಂಡುಹಿಡಿದಿದ್ದು. ಮೊಂಡಾದ ತುದಿ ಮುರಿದರೆ ಹೊಸ ಬಾಯಿ. ಸಾಣೆ ಗೊತ್ತಿಲ್ಲದವರಿಗೆ ಇದಕ್ಕಿಂತ ಹರಿತ ಬೇರೆ ಸಿಗಲ್ಲ. ಅಗಲ ಬ್ಲೇಡಿನದ್ದು ತಗೊಂಡರೆ ಪೈಪ್, ಚೀಲ, ತಾಡಪಾಲು ಎಲ್ಲಾ ಆಯ್ತು.

ಪ್ಲೇಟಿನ ಕತ್ತಿ

ಮುರಿದ ಬ್ಲೇಡ್ ಚೂರು ತೋಟದಲ್ಲಿ ಬಿದ್ದರೆ? ಬರಿಗಾಲಲ್ಲಿ ಓಡಾಡೋ ಜನ ಇದ್ದಾರೆ, ದನ ಮೇಯುತ್ತೆ. ನಮ್ಮ ತೋಟದೊಳಗೆ ಅದಕ್ಕೆ ಜಾಗ ಇಲ್ಲ.

ಅಂಗಡಿ ಕಟರ್

ಆ ಕಾಳಜಿ ಸರಿ. ಹಾಗಾದ್ರೆ ಇಡೀ ಬ್ಲೇಡ್ ಬದಲಾಯಿಸೋ ಮಡಚುವ ಕಟರ್ ಇದೆ, ಹಳೇ ಬ್ಲೇಡನ್ನ ಹಿಡಿಯೊಳಗೇ ಇಟ್ಟು ಮನೆಗೆ ತರಬಹುದು.

ಚಾರಣಪ್ರಿಯ

ನಾನು ಪಶ್ಚಿಮ ಘಟ್ಟದಲ್ಲಿ ಚಾರಣ ಹೋಗುವಾಗೆಲ್ಲ ದೊಡ್ಡ ಲಾಕ್ ಚಾಕು ಇಟ್ಟುಕೊಂಡಿರ್ತೀನಿ. ಬಳ್ಳಿ ಸವರೋಕೆ, ಟೆಂಟಿನ ಹಗ್ಗಕ್ಕೆ ಬೇಕೇ ಬೇಕು. ಹಾವು ಕಚ್ಚಿದರೆ ತಕ್ಷಣ ಗಾಯ ಸೀಳಿ ರಕ್ತ ತೆಗೆಯೋಕೂ ಹರಿತವಾದ ಚಾಕು ಕೈಯಲ್ಲಿ ಇರಬೇಕು. ಜೊತೆಗೆ ಆತ್ಮರಕ್ಷಣೆ. ತೂಕ ನೋಡಿ ಹೆದರೋರು ಚಾರಣಕ್ಕೆ ಬರಬಾರದು.

ರಾತ್ರಿ ಪಾಳಿ ನರ್ಸ್

@ಚಾರಣಪ್ರಿಯ, ದಯವಿಟ್ಟು ಹಾವಿನ ಸಾಲನ್ನ ಅಳಿಸಿ. ಯಾರಾದರೂ ಅದನ್ನ ಓದಿ ನಿಜ ಅಂದುಕೊಂಡು ಹಾಗೇ ಮಾಡಿದರೆ ಜೀವಕ್ಕೆ ಅಪಾಯ.

ಹಾವು ಕಚ್ಚಿದ ಜಾಗ ಸೀಳಬಾರದು, ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಸೀಳಿದರೆ ವಿಷ ಹೊರಗೆ ಬರಲ್ಲ. ಕೊಳಕುಮಂಡಲ ಕಚ್ಚಿದವರ ರಕ್ತ ಹೆಪ್ಪುಗಟ್ಟೋ ಶಕ್ತಿಯನ್ನೇ ಕಳೆದುಕೊಂಡಿರುತ್ತೆ. ಆ ಸ್ಥಿತಿಯಲ್ಲಿ ನೀವು ಮಾಡಿದ ಗಾಯದಿಂದ ಸುರಿಯೋ ರಕ್ತವನ್ನ ನಿಲ್ಲಿಸೋದೇ ನಮಗೆ ದೊಡ್ಡ ಹೋರಾಟ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದ ಹಾಗೆ ಕೋಲು, ಬಟ್ಟೆ ಇಟ್ಟು ಕಟ್ಟಿ, ಉಂಗುರ, ಬಳೆ, ಗಡಿಯಾರ ತೆಗೆದು, ನಡೆಸದೆ ಹೊತ್ತುಕೊಂಡು ಬನ್ನಿ. ಮದ್ದು ಅಂದ್ರೆ ಆಸ್ಪತ್ರೆಯ ಆ್ಯಂಟಿವೆನಮ್, ಅದೊಂದೇ.

ಇನ್ನು ಆತ್ಮರಕ್ಷಣೆ. ತುರ್ತು ವಿಭಾಗದಲ್ಲಿ ಚಾಕು ಗಾಯ ನೋಡ್ತಾನೇ ಇರ್ತೀನಿ. ಜಗಳದಲ್ಲಿ ಚಾಕು ಹೊರಗೆ ಬಂದಮೇಲೆ ಇಬ್ಬರೂ ಕೊಯ್ದುಕೊಂಡೇ ಬರ್ತಾರೆ. ತೆಗೆದವನ ಬೆರಳೇ ಅಲಗಿನ ಮೇಲೆ ಜಾರಿರೋದು ಮಾಮೂಲಿ, ಬೆರಳು ಮಡಚೋ ಸ್ನಾಯುರಜ್ಜುವೇ (ಟೆಂಡನ್) ತುಂಡಾಗಿರುತ್ತೆ. ಅದನ್ನ ಹೊಲಿದ ಮೇಲೂ ಎಷ್ಟೋ ಜನಕ್ಕೆ ಮುಷ್ಟಿ ಪೂರ್ತಿ ಮುಚ್ಚೋಕೆ ಬರಲ್ಲ. ಅಪಾಯ ಕಂಡರೆ ಓಡಿ. ಜೇಬಲ್ಲಿ ಚಾಕು ಇದೆ ಅನ್ನೋ ಧೈರ್ಯ ನಿಮ್ಮನ್ನ ಅಲ್ಲೇ ನಿಲ್ಲಿಸುತ್ತೆ, ಅದೇ ತೊಂದರೆ.

ಚಾರಣಪ್ರಿಯ

ಹಾವಿನ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್ ಮೇಡಂ, ಆ ಸಾಲು ತೆಗೀತೀನಿ. ಟೆಂಟು, ಹಗ್ಗಕ್ಕೆ ಚಾಕು ಬೇಕು ಅನ್ನೋದರಲ್ಲಿ ಮಾತ್ರ ಬದಲಾವಣೆ ಇಲ್ಲ.

ಕೋರ್ಟು ಕಚೇರಿ

ಕಾನೂನಿನ ಮಾತು ಯಾರೂ ಎತ್ತಿಲ್ಲ, ಹೇಳಿಬಿಡ್ತೀನಿ. ವಕೀಲಿ ನನ್ನ ವೃತ್ತಿ.

ಶಸ್ತ್ರಾಸ್ತ್ರ ಕಾಯ್ದೆ 1959ರದ್ದು, ಈಗಿನ ನಿಯಮಗಳು 2016ರವು. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರೋ ಅಲಗು ಶಸ್ತ್ರಾಸ್ತ್ರದ ಪಟ್ಟಿಗೆ ಬರುತ್ತೆ. ಆದರೆ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಅಂತ ಮಾಡಿದವು ಅದರಿಂದ ಹೊರಗೆ. ನಿಮ್ಮ ಕತ್ತಿ, ಕುಡುಗೋಲು, ಕೊಯ್ತಾ ಎಲ್ಲ ಬದುಕಿರೋದು ಆ ವಿನಾಯಿತಿ ಮೇಲೆ. ರೆಕಾನ್ 1 ನಾಲ್ಕು ಇಂಚು, ಬಕ್ 110 ಮೂರು ಮುಕ್ಕಾಲು ಇಂಚು. ಅಳತೆಯಲ್ಲಿ ತೊಂದರೆ ಇಲ್ಲ.

ಹಾಗಂತ ಎಲ್ಲಾ ಕಡೆ ಒಂದೇ ಅಲ್ಲ. ದಿಲ್ಲಿಯಲ್ಲಿ 1980ರ ಅಧಿಸೂಚನೆ ಒಂದಿದೆ. ಬಟನ್ ಅಥವಾ ಸ್ಪ್ರಿಂಗಿನಿಂದ ಇಲ್ಲವೇ ಬೇರೆ ಯಾಂತ್ರಿಕ ವ್ಯವಸ್ಥೆಯಿಂದ ತೆರೆಯೋ, ಮುಚ್ಚೋ ಚಾಕುವಿನ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಅಧಿಸೂಚನೆಯ ನಿಯಂತ್ರಣಕ್ಕೆ ಬರುತ್ತೆ. ರಾಂಪುರಿ ಥರದ ಚಾಕುಗಳನ್ನ ಕಣ್ಣಲ್ಲಿಟ್ಟುಕೊಂಡು ಮಾಡಿದ್ದು. ದಿಲ್ಲಿಗೆ ಹೋಗೋರು ಮನೇಲಿ ಬಿಟ್ಟು ಹೋಗಿ. ಎಲ್ಲೇ ಆಗಲಿ, ನಿಷೇಧಾಜ್ಞೆ ಜಾರಿಯಾದಾಗ ಆಯುಧ ಹಿಡಿದು ತಿರುಗೋದನ್ನೂ ಆ ಆದೇಶದಲ್ಲಿ ನಿಷೇಧಿಸಿರಬಹುದು, ಓದಿಕೊಳ್ಳಿ. ವಿಮಾನದಲ್ಲಿ ಕೈಚೀಲದಲ್ಲಿ ಇಡುವಂತಿಲ್ಲ, ಚೆಕ್-ಇನ್ ಲಗೇಜಿಗೆ ಹಾಕಬೇಕು. ಮೆಟ್ರೋ ನಿಲ್ದಾಣದ ತಪಾಸಣೆಯಲ್ಲೂ ತಡೀಬಹುದು.

ಆತ್ಮರಕ್ಷಣೆಗೆ ಅಂತ ಇಟ್ಟುಕೊಳ್ಳೋರಿಗೆ ಒಂದು ಮಾತು. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 118ನೇ ಕಲಂ ಅಪಾಯಕಾರಿ ಆಯುಧದಿಂದ ಗಾಯ ಮಾಡೋದಕ್ಕೆ. ಗಾಯ ತೀವ್ರವಾಗಿದ್ದರೆ ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ಪೊಲೀಸರು ಕೇಳಿದಾಗ "ತೋಟದ ಕೆಲಸಕ್ಕೆ" ಅನ್ನೋ ಉತ್ತರಕ್ಕೂ "ಯಾರಾದರೂ ಮೇಲೆ ಬಿದ್ದರೆ ಇರಲಿ ಅಂತ" ಅನ್ನೋ ಉತ್ತರಕ್ಕೂ ಅಜಗಜಾಂತರ.

@ಚಾರಣಪ್ರಿಯ, ನಿಮಗೆ ಇನ್ನೊಂದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 31ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆಯ ಆಯುಧದ ವ್ಯಾಖ್ಯೆಯಲ್ಲಿ ಚಾಕು ಅಂತ ಸ್ಪಷ್ಟವಾಗಿ ಬರೆದಿದೆ, ಅಳತೆಯ ಮಾತೇ ಇಲ್ಲ. ಕುಮಾರ ಪರ್ವತ ಇರೋದು ಪುಷ್ಪಗಿರಿ ಅಭಯಾರಣ್ಯದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಬಳ್ಳಿ ಸವರೋದಂತೂ ಇನ್ನೊಂದು ಅಪರಾಧ.

ಚಾರಣಪ್ರಿಯ

ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಬಾಟಲಿ ಎಣಿಸ್ತಾರೆ, ಮದ್ಯ ಇದೆಯಾ ನೋಡ್ತಾರೆ, ಚಾಕು ಯಾರೂ ಕೇಳಿಲ್ಲ.

ಕೋರ್ಟು ಕಚೇರಿ

ಕೇಳದಿದ್ದ ಮಾತ್ರಕ್ಕೆ ಕಾನೂನು ಇಲ್ಲ ಅಂತಲ್ಲ. ಗೊತ್ತಿದ್ದೂ ಒಯ್ಯಬೇಡಿ.

ಕೊಡಗಿನ ಮಳೆ

ನಮಗೆ ಕೊಡಗಿನವರಿಗೆ ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಇದೆಯಲ್ಲ, ಈ ತಲೆನೋವೇ ಇಲ್ಲ. ಕುಪ್ಯ (ನಮ್ಮ ಉದ್ದ ಅಂಗಿ) ತೊಟ್ಟಾಗ ಚೇಲೆಗೆ, ಅಂದ್ರೆ ಸೊಂಟದ ಪಟ್ಟಿಗೆ, ಪೀಚೆಕತ್ತಿ ಅನ್ನೋ ಸಣ್ಣ ಬಾಕು ಸಿಕ್ಕಿಸ್ತೀವಿ, ಒಡಿಕತ್ತಿ ಅನ್ನೋ ಅಗಲದ ಬಾಗಿದ ಕತ್ತಿ ಬೆನ್ನ ಹಿಂದೆ ತೊಡಂಗ್ ಅನ್ನೋ ಲೋಹದ ಕೊಕ್ಕೆಯಲ್ಲಿ ಇರುತ್ತೆ. ಮದುವೆಯಲ್ಲಿ ಬಾಳೆಕಂಬ ಕಡಿಯೋಕೆ ಒಡಿಕತ್ತಿಯೇ ಬೇಕು. ಮಡಚುವ ಚಾಕು ನಮ್ಮ ಕಡೆಯದ್ದೇ ಅಲ್ಲ.

ಕೋರ್ಟು ಕಚೇರಿ

ಸ್ವಲ್ಪ ತಿದ್ದುಪಡಿ. ಆ ವಿನಾಯಿತಿ ಇರೋದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ, ಕೊಡಗಿನಲ್ಲಿ ವಾಸ ಮಾಡೋ ಎಲ್ಲರಿಗೂ ಅಲ್ಲ. 2019ರ ಅಧಿಸೂಚನೆ ಅದನ್ನ 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿದೆ. ಪ್ರಶ್ನಿಸಿದ ಅರ್ಜಿಯನ್ನ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಆದರೆ ಅದು ಶಸ್ತ್ರಾಸ್ತ್ರ ಕಾಯ್ದೆಯ ವಿಷಯಕ್ಕಷ್ಟೇ. ವಿಮಾನ ನಿಲ್ದಾಣದ ತಪಾಸಣೆಗೂ ಅಭಯಾರಣ್ಯಕ್ಕೂ ಅದು ಅನ್ವಯಿಸಲ್ಲ.

ಕೊಡಗಿನ ಮಳೆ

ಅದು ಸರಿಯೇ. ಜಮ್ಮಾ ಅಂತ ಸೇರಿಸಿ ಹೇಳಬೇಕಿತ್ತು.

ಮ್ಯೂನಿಕ್ ಕನ್ನಡತಿ

ಜರ್ಮನಿಯಿಂದ. ಇಲ್ಲಿ ಒಂದು ಕೈಯಲ್ಲಿ ತೆರೆದು ಲಾಕ್ ಆಗೋ ಮಡಚುವ ಚಾಕುವನ್ನ ಸಕಾರಣ ಇಲ್ಲದೆ ಹೊರಗೆ ಒಯ್ಯುವಂತಿಲ್ಲ. ಆಯುಧ ಕಾಯ್ದೆಯ 42ಎ ಕಲಂ. ಮಡಚದ ಚಾಕು ಆದರೆ 12 ಸೆಂಟಿಮೀಟರ್‌ವರೆಗೆ ಆ ಕಲಂ ಅಡ್ಡ ಬರಲ್ಲ. ಭಾರಿ ಮಡಚುವ ಚಾಕುವಿನ ಎರಡು ಮುಖ್ಯ ಗುಣಗಳೇ ಇಲ್ಲಿ ತೊಂದರೆ ತರುತ್ತವೆ. ಹಾಗಾಗಿ ಇಲ್ಲಿ ಜನ ಲಾಕ್ ಇಲ್ಲದ ಅಥವಾ ಎರಡು ಕೈಯಲ್ಲಿ ತೆರೆಯೋ ಚಾಕು ಇಟ್ಟುಕೊಳ್ತಾರೆ. ವಾರಾಂತ್ಯ ಬೆಟ್ಟಕ್ಕೆ ಹೋಗುವಾಗ ನನ್ನ ಚೀಲದಲ್ಲೂ ಒಪಿನೆಲ್ ಇರುತ್ತೆ. ಬ್ರೆಡ್ಡು, ಚೀಸು, ಸೇಬು. ಅದಕ್ಕಿಂತ ದೊಡ್ಡ ಕೆಲಸ ನನಗೆ ಬಂದೇ ಇಲ್ಲ. ಬ್ರಿಟನ್ನಿನಲ್ಲೂ ಹೀಗೇನಾ?

ಲೆಸ್ಟರ್ ವಾಸಿ

ಇಲ್ಲಿ ಮೂರು ಇಂಚಿನೊಳಗಿನ, ಲಾಕ್ ಇಲ್ಲದ ಮಡಚುವ ಚಾಕುವಿಗೆ ಮಾತ್ರ ಕಾರಣ ಕೇಳಲ್ಲ. ಲಾಕ್ ಇದ್ದರೆ ಎಷ್ಟೇ ಸಣ್ಣದಾದರೂ ಸಕಾರಣ ತೋರಿಸಬೇಕು. 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 139ನೇ ಕಲಂ. ಊರಿಂದ ಬರೋರು ಕೀಚೈನಿಗೆ ಸಣ್ಣ ಲಾಕ್ ಚಾಕು ಸಿಕ್ಕಿಸಿಕೊಂಡು ಬರ್ತಾರೆ, ಎಚ್ಚರ.

ಮಲ್ಪೆ ಗಾಳಿ

ಕಡಲಿನ ಕಡೆಯಿಂದ ಒಂದು ಮಾತು. ನಮಗೆ ದಪ್ಪ ತೆಳುವಿಗಿಂತ ತುಕ್ಕಿನ ಚಿಂತೆ ಜಾಸ್ತಿ. ಉಪ್ಪುಗಾಳಿಗೆ ಡಿ2 ಉಕ್ಕಿನ ಚಾಕು ತಂದವನ ಅಲಗಲ್ಲಿ ಮಳೆಗಾಲ ಮುಗಿಯೋದರೊಳಗೆ ಚುಕ್ಕೆ ಚುಕ್ಕೆ ಎದ್ದಿತ್ತು. ಎಚ್1 ಅಂತ ಒಂದು ಉಕ್ಕಿದೆ, ಕಾರ್ಬನ್ ತುಂಬ ಕಡಿಮೆ, ಆ ಜಾಗಕ್ಕೆ ಸಾರಜನಕ ಬಳಸಿದ್ದಾರೆ, ಕಡಲ ನೀರಿಗೂ ಜಗ್ಗಲ್ಲ. ಸ್ಪೈಡರ್ಕೋ ಕಂಪನಿಯ ಸಾಲ್ಟ್ ಚಾಕುಗಳಲ್ಲಿ ಬಂತು. ದುಬಾರಿ.

ಬಲೆ ಪ್ರೊಪೆಲ್ಲರ್‌ಗೆ ಸುತ್ತಿಕೊಂಡಾಗ ಒದ್ದೆ ನೈಲಾನ್ ಹಗ್ಗ ನಯವಾದ ಅಲಗಿಗೆ ಜಾರುತ್ತೆ. ಗರಗಸದ ಹಲ್ಲಿನ ಅಲಗು ಕಚ್ಚಿ ಹಿಡಿಯುತ್ತೆ. ಆದರೆ ನಿಜ ಹೇಳಬೇಕಂದ್ರೆ ಬೋಟಿನಲ್ಲಿ ಎಲ್ಲರೂ ಬಳಸೋದು ಹಲಗೆಗೆ ಸಿಕ್ಕಿಸಿಟ್ಟ ಮಡಚದ ಚೂರಿ. ಕೀಲಿನೊಳಗೆ ಮೀನಿನ ಲೋಳೆ, ಪೊರೆ ಸೇರಿಕೊಂಡರೆ ಮಡಚುವ ಚಾಕು ನಾರೋಕೆ ಶುರುವಾಗುತ್ತೆ, ಒಂದು ದಿನ ತೆರೆಯಲ್ಲ.

ಕುಲುಮೆ ಮನೆ

ನಮ್ಮದು ಕಮ್ಮಾರಿಕೆಯ ಮನೆ. ಅಪ್ಪ ಇನ್ನೂ ಕುಲುಮೆ ಊದ್ತಾರೆ. @ಪ್ಲೇಟಿನ ಕತ್ತಿ ಹೇಳಿದ ಲಾರಿ ಪ್ಲೇಟು ಯಾಕೆ ಅಷ್ಟು ಒಳ್ಳೇದು ಅಂತ ಹೇಳ್ತೀನಿ. ಆ ಉಕ್ಕು ಭಾರಕ್ಕೆ ಬಾಗಿ ಮತ್ತೆ ನೆಟ್ಟಗಾಗೋಕೆ ಮಾಡಿದ್ದು, ಪೆಟ್ಟಿಗೆ ಸುಲಭಕ್ಕೆ ಮುರಿಯಲ್ಲ. ಅದಕ್ಕೇ ಕತ್ತಿಗೆ ಸರಿ. ಬಾಯಿಯ ಭಾಗಕ್ಕೆ ಮಾತ್ರ ಹದವಾಗಿ ನೀರು ಕೊಟ್ಟು ಗಟ್ಟಿ ಮಾಡಿ ಬೆನ್ನನ್ನ ಮೆತ್ತಗೆ ಬಿಡ್ತಾರೆ. ಕಾರ್ಖಾನೆಯ ಜೇಬಿನ ಚಾಕು ಪೂರ್ತಿ ಒಂದೇ ಹದ. ಹರಿತ ಜಾಸ್ತಿ ದಿನ ನಿಲ್ಲುತ್ತೆ, ಆದರೆ ಎಳನೀರಿಗೆ ಹೊಡೆದರೆ ಬಾಯಿ ಚಕ್ಕೆ ಏಳುತ್ತೆ. ಎರಡರ ಕೆಲಸ ಬೇರೆ.

ನನಗೆ ಬೇಜಾರಾಗೋದು ಏನಂದ್ರೆ, ಏಳೆಂಟು ಸಾವಿರ ಕೊಟ್ಟು ಹೊರದೇಶದ ಚಾಕು ತರಿಸೋ ಜನ ಊರಿನ ಕುಲುಮೆಗೆ ಬಂದು ಐವತ್ತು ರೂಪಾಯಿಗೆ ಚೌಕಾಸಿ ಮಾಡ್ತಾರೆ. ನಮ್ಮ ತಾಲ್ಲೂಕಿನಲ್ಲಿ ಕುಲುಮೆ ಉರಿಸೋ ಮನೆಗಳು ಬೆರಳೆಣಿಕೆ ಆಗಿಹೋಗಿವೆ. ಒಳ್ಳೆ ಕತ್ತಿಗೆ ಒಳ್ಳೆ ದುಡ್ಡು ಕೊಡಿ. ಇಲ್ಲದಿದ್ದರೆ ಮುಂದಿನವರಿಗೆ ಹಾರ್ಡ್‌ವೇರ್ ಅಂಗಡಿಯ ಮೆತ್ತನೆ ತಗಡೇ ಗತಿ.

ಪ್ಲೇಟಿನ ಕತ್ತಿ

ಈ ಮಾತಿಗೆ ಕೈ ಮುಗಿದೆ. ನಮ್ಮಲ್ಲಿ ಸಂಕ್ರಾಂತಿ ಮುಗಿದ ಮೇಲೆ ಕಮ್ಮಾರರು ಊರೂರಿಗೆ ಬಂದು ಬಿಡಾರ ಹೂಡೋರು, ಊರಿನ ಕತ್ತಿ ಪಿಕಾಸಿ ಎಲ್ಲಾ ಸಾಲಾಗಿ ಇಟ್ಟಿರೋರು. ಈಗ ಬರಲ್ಲ.

ಕೃಷ್ಣಾ ತೀರ

ನಮ್ಮಲ್ಲೂ ಹಂಗ ಆಗೇದ್ರಿ. ಬಡಿಗ್ಯಾರು ಪಟ್ಟಣಕ್ಕ ಹೋಗಿ ಗ್ರಿಲ್ ವೆಲ್ಡಿಂಗ್ ಮಾಡಾಕತ್ತ್ಯಾರ, ಕಂಬಾರರೂ ಹಂಗ.

ಬೋರ್‌ವೆಲ್ ಬೆಳಕು

ಚಾಕುವಿಗೆ ವಾಪಸ್ ಬರೋಣ. ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ "ಮಿಲಿಟರಿ ಚಾಕು" ಅಂತ ಕಪ್ಪು ಬಣ್ಣ ಬಳಿದು ಮಾರ್ತಾರಲ್ಲ, ಅದನ್ನ ಭಾರಿ ಚಾಕು ಅಂತ ಯಾರೂ ತಗೋಬೇಡಿ. ತೂಕ ಮಾತ್ರ ಭಾರಿ. ನನ್ನ ಹುಡುಗನ ಕೈಯಲ್ಲಿ ಅಂಥದ್ದರ ಲೈನರ್ ಜಾರಿ ತೋರುಬೆರಳಿಗೆ ಹೊಲಿಗೆ ಬಿತ್ತು. ಲಾಕ್ ನಂಬಿಕೆ ಇಲ್ಲದಿದ್ದರೆ ಲಾಕ್ ಇಲ್ಲದ ಚಾಕುವೇ ವಾಸಿ. ಆಗ ಕೈ ತಾನೇ ಹುಷಾರಾಗಿರುತ್ತೆ.

ಹೊಸ ಚಾಕು ಬಂದಾಗ ನೋಡೋದು ಇಷ್ಟು: ತೆರೆದು ಹಿಡಿದು ಅಲಗನ್ನ ಎಡಬಲಕ್ಕೆ, ಮೇಲೆ ಕೆಳಗೆ ಅಲ್ಲಾಡಿಸಿ. ಬೆರಳನ್ನ ದಾರಿಯಿಂದ ದೂರ ಇಟ್ಟು ಅಲಗಿನ ಬೆನ್ನನ್ನ ಮರದ ಮೇಜಿಗೆ ಮೆಲ್ಲಗೆ ತಟ್ಟಿ. ಜಾರಿದರೆ ಅದೇ ದಿನ ವಾಪಸ್ ಕಳಿಸಿ.

ಮೂಡಿಗೆರೆ ಕಾಫಿ

ಇಷ್ಟು ಮಾತು ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಒಪಿನೆಲ್ ಬಗ್ಗೆ ಇಬ್ಬರು ಹೇಳಿದ್ರಿ. ಆದರೆ ಅದರ ಹಿಡಿ ಮರದ್ದು. ನಮ್ಮ ಮಳೆ ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್ ಎಲ್ಲವೂ ಒದ್ದೆ. ಉಬ್ಬಲ್ವಾ? ಕೊಂಬೆಗೆ ಏನು ಮಾಡಲಿ?

ಅಲಗು ಮತ್ತು ಹಿಡಿ

ಉಬ್ಬುತ್ತೆ. ಮಳೆಗಾಲದಲ್ಲಿ ಒಪಿನೆಲ್ ಅಲಗು ಹಿಡಿಯೊಳಗೆ ಕಚ್ಚಿಕೊಂಡು ಕೂತುಬಿಡುತ್ತೆ. ಹಿಡಿಯ ಹಿಂಭಾಗವನ್ನ ಮೇಜಿಗೆ ಕುಟ್ಟಿದರೆ ಅಲಗು ಸ್ವಲ್ಪ ಹೊರಗೆ ಬರುತ್ತೆ, ಅಲ್ಲಿಂದ ಬೆರಳಲ್ಲಿ ಹಿಡಿದು ತೆಗೀಬೇಕು. ಅದು ಹುಟ್ಟಿದ ಸವೋಯ್ ಪ್ರಾಂತದವರೇ ಮಾಡೋ ಉಪಾಯ. ಕೀಲಿನ ಜಾಗದಲ್ಲಿ ಮರವನ್ನ ಮರಳುಕಾಗದದಿಂದ ಚೂರು ಉಜ್ಜಿ ಅಗಸೆ ಎಣ್ಣೆ ಕುಡಿಸಿದರೆ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ. ತಗೊಂಡರೆ ಸ್ಟೇನ್‌ಲೆಸ್ ಅಲಗಿನದ್ದೇ ತಗೊಳ್ಳಿ. ಕಾರ್ಬನ್ ಅಲಗು ಮೂಡಿಗೆರೆ ಆಷಾಢಕ್ಕೆ ಸರಿಹೋಗಲ್ಲ.

ಇನ್ನೊಂದು ದಾರಿ ವಿಕ್ಟೋರಿನಾಕ್ಸ್ ಫಾರ್ಮರ್ ಅನ್ನೋ ಸ್ವಿಸ್ ಜೇಬಿನ ಚಾಕು. ಹಿಡಿ ಅಲ್ಯೂಮಿನಿಯಂ, ಉಬ್ಬೋ ಮಾತೇ ಇಲ್ಲ. ಅಲಗಿಗೆ ಲಾಕ್ ಇಲ್ಲ, ಚುಚ್ಚೋ ಕೆಲಸಕ್ಕೆ ಬಳಸಬೇಡಿ. ಆದರೆ ಅದರಲ್ಲಿ ಒಂದು ಗರಗಸ ಇದೆ. ಹೆಬ್ಬೆರಳು ಗಾತ್ರದ ಕೊಂಬೆಗೆ ಅದು ಸಾಕು, ಅದಕ್ಕಿಂತ ದಪ್ಪಕ್ಕೆ ಬೇರೆ ಮಡಚುವ ಗರಗಸ ಇಟ್ಟುಕೊಳ್ಳಿ. ಇವೆರಡೂ ಸೇರಿ ಬಕ್ 110ಕ್ಕಿಂತ ಜಾಸ್ತಿ ಕೆಲಸ ಮಾಡುತ್ತವೆ.

ಬೋರ್‌ವೆಲ್ ಬೆಳಕು

ನಾನು ಆದ್ರೂ ರೆಕಾನ್ ಅಂತಲೇ ಹೇಳ್ತೀನಿ. ಮುಂದೆ ಪಂಪು, ಪೈಪು ಅಂತ ಕೈ ಹಾಕಿದ ದಿನ ನೆನಪಾಗುತ್ತೆ.

ಪ್ಲೇಟಿನ ಕತ್ತಿ

ಅವರು ಪಂಪಿಗೆ ನಿಮ್ಮಂಥವರನ್ನೇ ಕರೀತಾರೆ ಬಿಡಿ. ಗರಗಸಕ್ಕೆ ನನ್ನದೂ ಒಂದು ಓಟು. ಕತ್ತಿಯಲ್ಲಿ ಕೊಂಬೆ ಹೊಡೆದರೆ ಸಿಪ್ಪೆ ಹರಿದು ಗಾಯ ದೊಡ್ಡದಾಗುತ್ತೆ. ಗರಗಸದ ಗಾಯ ಬೇಗ ಕೂಡುತ್ತೆ. ಕಾಫಿ ಗಿಡಕ್ಕೆ ಅದು ಮುಖ್ಯ.

ಮೂಡಿಗೆರೆ ಕಾಫಿ

ಹಾಗಾದ್ರೆ ಫಾರ್ಮರ್ ಮತ್ತು ಮಡಚುವ ಗರಗಸ. ಮಿಕ್ಕ ದುಡ್ಡಿಗೆ ಈ ಸಲ ಕುಲುಮೆಯಲ್ಲೇ ಒಂದು ಹೊಸ ಕತ್ತಿ ಮಾಡಿಸ್ತೀನಿ. ಕೊನೇ ಪ್ರಶ್ನೆ: ಕೀಲಿಗೆ ಕೊಬ್ಬರಿ ಎಣ್ಣೆ ಹಾಕಬಹುದಾ?

ಕುಲುಮೆ ಮನೆ

ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ನಿಮ್ಮ ಊರಿನ ಡಿಸೆಂಬರಿನಲ್ಲಿ ಕೀಲು ಬಿಗಿದುಕೊಳ್ಳುತ್ತೆ, ಆಮೇಲೆ ಧೂಳು ಸೇರಿ ಅಂಟಾಗುತ್ತೆ. ಬಿಸಿ ನೀರು, ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಡಿ. ಕತ್ತಿಗಾದರೆ ಕೊಬ್ಬರಿ ಎಣ್ಣೆ ಬಳಿದಿಟ್ಟರೂ ನಡೆಯುತ್ತೆ, ಅದಕ್ಕೆ ಕೀಲೇ ಇಲ್ಲವಲ್ಲ.